ಸೆಕೆ ಮತ್ತು ಝಳ: ಮನೆಯನ್ನು ತಂಪಾಗಿರಿಸುವ ಎರಡು ಕನ್ನಡ ಸಂಪ್ರದಾಯಗಳು

ಬೇಸಗೆಯ ತಾಪವನ್ನು ಹೇಳಲು ಕನ್ನಡದಲ್ಲಿ ಒಂದೇ ಪದವಿಲ್ಲ. ಬಿಸಿಲು ಮೇಲಿನಿಂದ ಬೀಳುವಂಥದು. ಕಾವು ಕಲ್ಲಿನಲ್ಲಿ, ಗೋಡೆಯಲ್ಲಿ, ಹೆಂಚಿನಲ್ಲಿ ನಿಲ್ಲುವಂಥದು. ಝಳ ಒಣಗಾಳಿಯೊಡನೆ ಬಂದು ಮುಖಕ್ಕೆ ಬಡಿಯುವಂಥದು. ಸೆಕೆಯಾದರೋ ಗಾಳಿ ಸತ್ತುಹೋದಾಗ ಮೈಯಿಂದ ಬೆವರಿಳಿಸಿ, ಇಳಿದ ಬೆವರು ಆರದಂತೆ ಮಾಡುವಂಥದು. ವಿಜಾಪುರ, ಕಲಬುರಗಿಗಳ ಕಡೆಯವರು ಝಳದ ಮಾತನ್ನು ಹೆಚ್ಚಾಗಿ ಆಡುತ್ತಾರೆ. ಉಡುಪಿ, ಮಂಗಳೂರು, ಕಾರವಾರಗಳವರ ಬಾಯಲ್ಲಿ ಸೆಕೆಯೇ ಮೊದಲು ಬರುತ್ತದೆ. ಇದು ಕೇವಲ ಪ್ರಾಂತಭೇದದಿಂದಾದ ಪದಭೇದವಲ್ಲ. ಎರಡು ಬೇರೆಬೇರೆ ಅನುಭವಗಳಿಗೆ ಇಟ್ಟ ಎರಡು ಹೆಸರುಗಳು. ನಾವು ಈಗ ವಾಸಿಸುತ್ತಿರುವ ಠಾಣೆ-ಕಲ್ಯಾಣಗಳ ಮರಾಠಿಯಲ್ಲಿಯೂ ಈ ವಿವೇಚನೆಯುಂಟು: ಬಿಸಿಲಿಗೆ ಊನ, ಸೆಕೆಗೆ ಉಕಾಡಾ. ಉಕಡಣೆ ಎಂದರೆ ಬೇಯುವುದು. ಗಣೇಶ ಚೌತಿಯ ಉಕಡೀಚೆ ಮೋದಕವನ್ನು ಬಲ್ಲವರಿಗೆ ಉಕಾಡಾ ಎಂಬ ಪದದ ಅರ್ಥವನ್ನು ವಿವರಿಸಬೇಕಾಗಿಲ್ಲ. ಮೋದಕ ಹಬೆಯಲ್ಲಿ ಬೇಯುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಡೊಂಬಿವಲಿಯ ಮೂರನೆಯ ಮಹಡಿಯಲ್ಲಿರುವ ಗೃಹಸ್ಥನ ಸ್ಥಿತಿಯೂ ಅದೇ.

ನಮ್ಮ ಸಂಘಗಳ ಸಭೆಗಳಲ್ಲಿ ಬೇಸಗೆ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ. ನಮ್ಮ ಹಿರಿಯರ ಮನೆಗಳು ವಿದ್ಯುತ್ತಿಲ್ಲದೆಯೂ ತಣ್ಣಗಿದ್ದವು, ಆ ಜ್ಞಾನವನ್ನು ನಾವು ಕಳೆದುಕೊಂಡೆವು, ಎಂದು. ಮಾತು ಸುಳ್ಳಲ್ಲ, ಆದರೆ ಯಾವ ಹಿರಿಯರ ಯಾವ ಮನೆ ಎಂದು ಕೇಳದೆ ಅದನ್ನು ಒಪ್ಪುವುದು ಇತಿಹಾಸದ ಅಭ್ಯಾಸಿಗೆ ಸಲ್ಲದು. ಕನ್ನಡ ನಾಡಿನಲ್ಲಿ ಮನೆಯನ್ನು ತಂಪಾಗಿರಿಸುವ ಸಂಪ್ರದಾಯಗಳು ಸ್ಥೂಲವಾಗಿ ಎರಡು. ಒಂದು ಝಳದ ನಾಡಿನದು, ಇನ್ನೊಂದು ಸೆಕೆಯ ನಾಡಿನದು. ಇವೆರಡೂ ಪರಸ್ಪರ ವಿರುದ್ಧವಾದ ತತ್ತ್ವಗಳ ಮೇಲೆ ನಿಂತಿವೆ. ವಲಸೆ ಬಂದ ನಾವು ಇವೆರಡನ್ನೂ ಬೆರಸಿ, ಬಯಲುಸೀಮೆಯ ಉಪಾಯಗಳನ್ನು ಕಡಲತಡಿಯ ಮನೆಗಳಿಗೆ ತಂದು, ಫಲ ಕಾಣದೆ, ಹಳೆಯದೆಲ್ಲ ನಿಷ್ಪ್ರಯೋಜಕವೆಂದು ತೀರ್ಮಾನಿಸುವ ಅಪಾಯವಿದೆ. ಈ ಅಪಾಯ ಕೇವಲ ವಿದ್ವತ್ತಿನದಲ್ಲ. ಊರಿನಿಂದ ಕರೆತಂದ ವೃದ್ಧ ತಂದೆತಾಯಿಗಳನ್ನು ಹಗಲೆಲ್ಲ ಮುಚ್ಚಿದ ಕೋಣೆಯಲ್ಲಿರಿಸಿ ನಾವು ದುಡಿಯಹೋಗುತ್ತೇವೆ. ಕೋಣೆ ಹೇಗಿದೆ ಎಂಬುದು ಅವರ ಪ್ರಾಣದ ಪ್ರಶ್ನೆಯೂ ಆಗಬಹುದು.

ಮೊದಲು ಝಳದ ನಾಡನ್ನು ನೋಡೋಣ. ವಿಜಾಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಅಲ್ಲಿಯವರು ಮೇಲ್ಮುದ್ದೆ ಎನ್ನುವುದು ಇದನ್ನೇ. ತೊಲೆಗಳ ಮೇಲೆ ಜಂತಿಗಳನ್ನು ಹೊಂದಿಸಿ, ಅದರ ಮೇಲೆ ಹುಲ್ಲು ಇಲ್ಲವೆ ತಪ್ಪಲು ಹರಡಿ, ಮೇಲೆ ಒಂದಡಿಯಷ್ಟು ಮಣ್ಣನ್ನು ತುಳಿದು ಕೂರಿಸಿ, ಕೊನೆಗೆ ನೀರು ಇಳಿಯದಂತೆ ಕರಲು ಮಣ್ಣನ್ನು ಹೊದಿಸುತ್ತಿದ್ದರು. ಗೋಡೆಗಳು ಎರಡರಿಂದ ಮೂರು ಅಡಿ ದಪ್ಪ. ಕಿಟಕಿಗಳು ಇಲ್ಲವೆಂಬಷ್ಟು ಕಡಮೆ. ಬೆಳಕು ಮಾಳಿಗೆಯ ಬೆಳಕಿಂಡಿಯಿಂದ. ಹೊರಗಿನವರಿಗೆ ಈ ಮನೆ ಕತ್ತಲೆಯ ಗೂಡಾಗಿ ಕಾಣುವುದುಂಟು. ಆದರೆ ಅದರ ತರ್ಕ ಸ್ಪಷ್ಟವಾಗಿದೆ. ಆ ಸೀಮೆಯಲ್ಲಿ ಬೇಸಗೆಯ ಹಗಲಿಗೂ ಇರುಳಿಗೂ ಹದಿನಾಲ್ಕು-ಹದಿನೈದು ಡಿಗ್ರಿಗಳ ಅಂತರವಿರುತ್ತದೆ. ಹಗಲಿನ ಕಾವು ದಪ್ಪ ಮಣ್ಣಿನೊಳಗೆ ಮೆಲ್ಲಮೆಲ್ಲನೆ ಇಳಿದು ಒಳಮೈಯನ್ನು ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆಗ ಮನೆಯವರೆಲ್ಲ ಹಾಸಿಗೆ ಹೊತ್ತು ಮಾಳಿಗೆಯ ಮೇಲೆ ಹೋಗುತ್ತಾರೆ. ಹಗಲು ಮನೆಯೊಳಗೆ, ಇರುಳು ಮನೆಯ ಮೇಲೆ. ಬಿಸಿಗಾಳಿಗೆ ಹಗಲೆಲ್ಲ ಬಾಗಿಲು ಮುಚ್ಚಿರಬೇಕು. ಗಾಳಿಯನ್ನು ಹೊರಗಿಡುವುದೇ ಈ ಸಂಪ್ರದಾಯದ ಮೂಲಸೂತ್ರವಾಗಿದೆ.

ಇದರೊಡನೆ ನೀರಿನ ಉಪಾಯವಿದ್ದಿತು. ಹರವಿಯ ಮೈಯಿಂದ ಜಿನುಗಿದ ನೀರು ಒಣಗಾಳಿಯಲ್ಲಿ ಆರುತ್ತ ಒಳಗಿನ ನೀರಿನ ಕಾವನ್ನು ಕೊಂಡೊಯ್ಯುತ್ತದೆ. ಲಾವಂಚದ ಬೇರಿನ ತಟ್ಟಿಯನ್ನು ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುವುದೂ ಇದೇ ತತ್ತ್ವದ್ದು. ಈ ತಂಪು ಎಲ್ಲಿಯವರೆಗೆ ಇಳಿದೀತು ಎಂಬುದನ್ನು ಲೆಕ್ಕ ಹಾಕಿ ಹೇಳಬಹುದು. ಗಾಳಿಯ ಉಷ್ಣತೆ 40 ಡಿಗ್ರಿಯಿದ್ದು ತೇವಾಂಶ ಶೇಕಡಾ 20 ಇದ್ದರೆ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಸುಮಾರು 22 ಡಿಗ್ರಿಯನ್ನು ತೋರಿಸುತ್ತದೆ; ತಟ್ಟಿಯ ಗಾಳಿ ಆ ಮಿತಿಯ ಹತ್ತಿರಕ್ಕೆ ಹೋಗಬಲ್ಲುದು. ಆದರೆ ಗಾಳಿ 35 ಡಿಗ್ರಿಯಿದ್ದು ತೇವಾಂಶ ಶೇಕಡಾ 65 ಇದ್ದರೆ ಅದೇ ಮಾಪಕ ಸುಮಾರು 29 ಡಿಗ್ರಿಗಿಂತ ಕೆಳಗಿಳಿಯದು. ಮೊದಲನೆಯದು ಕಲಬುರಗಿಯ ಮಧ್ಯಾಹ್ನ. ಎರಡನೆಯದು ನಮ್ಮ ಠಾಣೆಯದು.

ರಾಜರು ಈ ಉಪಾಯಗಳನ್ನೇ ದೊಡ್ಡದಾಗಿ ಮಾಡಿದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಕ್ರಿ. ಶ. 1126-1138) ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ನೂರು ಅಧ್ಯಾಯಗಳಲ್ಲಿ ಇಪ್ಪತ್ತು ರಾಜನ ಉಪಭೋಗಗಳಿಗೆ ಮೀಸಲಾಗಿವೆ. ಮನೆ, ಸ್ನಾನ, ಲೇಪನ, ಕುಡಿಯುವ ನೀರು, ಕೊಡೆ, ಹಾಸುಗೆ, ಧೂಪ ಮುಂತಾದವೆಲ್ಲ ಅಲ್ಲಿ ಶಾಸ್ತ್ರವಿಷಯಗಳಾಗಿವೆ. ಅದಕ್ಕೂ ನೂರು ವರ್ಷ ಹಿಂದೆ, 1025ರ ಸುಮಾರಿಗೆ, ಅದೇ ವಂಶದ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿಯೇ ಲೋಕೋಪಕಾರವನ್ನು ಬರೆದು, ವಾಸ್ತು, ಅಂತರ್ಜಲದ ಶೋಧನೆ, ವೃಕ್ಷಾಯುರ್ವೇದ, ಗಂಧಯುಕ್ತಿ, ಸೂಪಶಾಸ್ತ್ರಗಳನ್ನು ಒಂದೆಡೆ ತಂದನು. ಅರಸನ ಭೋಗಕ್ಕೆ ಬರೆದ ಗ್ರಂಥಕ್ಕಿಂತ ಲೋಕದ ಉಪಕಾರಕ್ಕೆ ಬರೆದ ಗ್ರಂಥ ನನಗೆ ಹೆಚ್ಚು ಪ್ರಿಯವಾದುದು. ಮರ, ನೀರು, ಮನೆ ಮೂರನ್ನೂ ಒಂದೇ ಗ್ರಂಥದಲ್ಲಿ ಇಟ್ಟವನ ದೃಷ್ಟಿ ಇಂದಿನ ನಗರಯೋಜಕರಿಗೂ ಬೇಕಾದುದು. ಚಾಲುಕ್ಯರ ಆ ಕಲ್ಯಾಣ ಇಂದು ಬೀದರ ಜಿಲ್ಲೆಯ ಬಸವಕಲ್ಯಾಣ. ಅದೇ ಹೆಸರಿನ ಇನ್ನೊಂದು ಊರಿನಲ್ಲಿ ನಾವು ರೈಲು ಬದಲಾಯಿಸುತ್ತೇವೆ. ಎರಡರ ಹೆಸರು ಒಂದಾದರೂ ಹವೆ ಒಂದಲ್ಲ.

ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ಸಾಗಿಸಿದ ಮೇಲೆ ಪಾರಸಿಕ ದೇಶದ ಕರೇಜ್ ಎಂಬ ಸುರಂಗ ನೀರಿನ ಪದ್ಧತಿ ಅಲ್ಲಿಗೆ ಬಂದಿತು. ನೌಬಾದಿನ ಕರೇಜು ಮೂರು ಕಿಲೋಮೀಟರಿಗೂ ಉದ್ದವಾಗಿದ್ದು, ಅದರ ಮೇಲೆ ಸಾಲಾಗಿ ಗಾಳಿಬಾವಿಗಳಿವೆ. ನೀರು ಬಿಸಿಲು ಕಾಣದೆ ಹರಿಯುವುದರಿಂದ ಆವಿಯಾಗಿ ನಷ್ಟವಾಗುವುದು ಕಡಮೆ. ವಿಜಾಪುರದ ಆದಿಲಶಾಹಿಗಳು ತೊರವಿಯ ಕಡೆಯಿಂದ ಸುರಂಗದಲ್ಲಿ ನೀರು ತಂದರು. 1620ರಲ್ಲಿ ತಾಜ ಬಾವಡಿ ಆಯಿತು. 1651ರಲ್ಲಿ ಮುಹಮ್ಮದ ಆದಿಲಶಾಹನ ಕಾಲದಲ್ಲಿ ಬೇಗಂ ತಲಾಬು ಆಗಿ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಹರಿಯಿತು. ದಾರಿಯಲ್ಲಿ ನೀರಿನ ಒತ್ತಡ ಇಳಿಸುವ ಗಂಜ್ ಗೋಪುರಗಳನ್ನು ಇಂದಿಗೂ ನೋಡಬಹುದು. ನಗರದ ಪೂರ್ವಕ್ಕಿರುವ ಕುಮಟಗಿಯಲ್ಲಿ ಕೆರೆಯ ಬದಿಗೆ ಕೊಳದ ನಡುವೆ ಕಟ್ಟಿದ ವಿಹಾರಮಂಟಪಗಳಿವೆ. ಎತ್ತರಕ್ಕೇರಿಸಿದ ನೀರು ಅಲ್ಲಿ ಛಾವಣಿಯಿಂದ ತುಂತುರಾಗಿ ಬೀಳುತ್ತಿದ್ದಿತು. ಬೇಸಗೆಯಲ್ಲಿ ಸುಲ್ತಾನನ ಪರಿವಾರ ಅಲ್ಲಿ ಕುಳಿತು ಮಳೆಗಾಲವನ್ನು ಸೃಷ್ಟಿಸಿಕೊಳ್ಳುತ್ತಿದ್ದಿತು ಎನ್ನಬಹುದು. ಆದರೆ ಆ ನೀರನ್ನು ಮೇಲಕ್ಕೆತ್ತಿದವರು ಬಿಸಿಲಿನಲ್ಲಿಯೇ ಇದ್ದರೆಂಬುದನ್ನು ಮರೆಯಲಾಗದು. ತಟ್ಟಿಗೆ ನೀರೆರೆಯುವ ಆಳು, ಮುಂದೆ ಬ್ರಿಟಿಷರ ಕಚೇರಿಗಳಲ್ಲಿ ಜೂಲು ಪಂಖಾದ ಹಗ್ಗ ಎಳೆಯುವ ಆಳು, ಇವರ ಬೆವರನ್ನು ಲೆಕ್ಕಕ್ಕೆ ಹಿಡಿಯದೆ ಹಳೆಯ ತಂಪನ್ನು ಹೊಗಳುವುದು ಅರ್ಧ ಇತಿಹಾಸ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗೆ ದತ್ತಿ ಬಿಟ್ಟುದನ್ನು ಹೇಳುವ ಕನ್ನಡ ಶಾಸನಗಳು ಈ ಲೆಕ್ಕದ ಇನ್ನೊಂದು ಮಗ್ಗುಲನ್ನು ತೋರಿಸುತ್ತವೆ: ಬಿಸಿಲಿನಲ್ಲಿ ನಡೆಯುವವನ ಬಾಯಾರಿಕೆಯನ್ನು ಊರು ತನ್ನ ಹೊಣೆಯೆಂದು ತಿಳಿದಿದ್ದಿತು.

ಇನ್ನು ಸೆಕೆಯ ನಾಡು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳ ಕರಾವಳಿಯಲ್ಲಿ ಗಾಳಿ ಒದ್ದೆ; ಹಗಲಿರುಳುಗಳ ಅಂತರ ಕಡಮೆ; ಮೇಲಾಗಿ ಮೂರು ನಾಲ್ಕು ಸಾವಿರ ಮಿಲಿಮೀಟರು ಮಳೆ. ಇಲ್ಲಿ ದಪ್ಪ ಮಣ್ಣಿನ ಮಾಳಿಗೆ ಮೊದಲ ಆಷಾಢಕ್ಕೇ ಕುಸಿದೀತು. ಕುಸಿಯದಿದ್ದರೂ ಇರುಳಿನಲ್ಲಿ ಅದು ತಣಿಯದು. ಆದುದರಿಂದ ಕರಾವಳಿಯವರು ಹಗುರವಾದ, ಇಳಿಜಾರಾದ, ಉಸಿರಾಡುವ ಮಾಡನ್ನು ಕಟ್ಟಿದರು. ಮುಳಿಹುಲ್ಲು, ಮಡಲು, ಅಡಕೆಯ ಸೋಗೆ ಮೊದಲಿನವು, ಹೆಂಚು ಅನಂತರದ್ದು. ಸೂರನ್ನು ಜಗಲಿಯ ಆಚೆಗೂ ಕೆಳಗಿಳಿಸಿ ಗೋಡೆಗೆ ಬಿಸಿಲೂ ಮಳೆಯೂ ತಾಗದಂತೆ ಮಾಡಿದರು. ಅಂಗಳಕ್ಕೆ ಅಡಕೆಮರದ ಕಂಬ ನಿಲ್ಲಿಸಿ ಮಡಲಿನ ಚಪ್ಪರ ಹಾಕಿದರು. ಮಾಡಿಗೂ ಕೋಣೆಗೂ ನಡುವೆ ಅಟ್ಟವನ್ನಿಟ್ಟರು; ಕಾವು ಅಟ್ಟದಲ್ಲಿ ನಿಂತು ಹೆಂಚಿನ ಸಂದುಗಳಿಂದ ಹೊರಗೆ ಹೋಗುತ್ತದೆ. ಬಯಲುಸೀಮೆ ಗಾಳಿಯನ್ನು ಹೊರಗಿಟ್ಟಿತು. ಕರಾವಳಿ ಅದಕ್ಕೆ ದಾರಿ ಬಿಟ್ಟಿತು. ಬೆವರು ಆರಬೇಕಾದರೆ ಅದೊಂದೇ ಉಪಾಯ.

ಹೆಂಚಿನ ವಿಚಾರವಾಗಿ ಸ್ವಲ್ಪ ನಿಲ್ಲುವುದು ಅವಶ್ಯ, ಏಕೆಂದರೆ ನಮ್ಮ ಪೂರ್ವಿಕರಿಗಿಂತ ಮೊದಲೇ ಮುಂಬಯಿ ಸೀಮೆಗೆ ವಲಸೆ ಬಂದುದು ಅದು. ಬಾಸೆಲ್ ಮಿಶನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ ಎಂಬಾತನು ನೇತ್ರಾವತಿಯ ತೀರದ ಜೇಡಿಯನ್ನು ಪರೀಕ್ಷಿಸಿ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರಖಾನೆಯನ್ನು ಆರಂಭಿಸಿದನು. ಒಂದಕ್ಕೊಂದು ಕೊಂಡಿಯಾಗಿ ಕೂರುವ ಈ ಹೆಂಚು, ಹಳೆಯ ನಾಡ ಹೆಂಚಿಗಿಂತ ಕಡಮೆ ಭಾರದಲ್ಲಿ ಹೆಚ್ಚು ಮಾಡನ್ನು ಮುಚ್ಚುತ್ತಿದ್ದಿತು. ಕಡಲಮಾರ್ಗವಾಗಿ ಅದು ಮುಂಬಯಿಗೆ ಬಂದು, ಅಲ್ಲಿಂದ ಸುತ್ತಲಿನ ಊರುಗಳ ಮನೆ, ಶಾಲೆ, ರೈಲು ನಿಲ್ದಾಣಗಳ ಮೇಲೇರಿತು. ಇಲ್ಲಿನವರ ಬಾಯಲ್ಲಿ ಅದು ಇಂದಿಗೂ ‘ಮಂಗಳೂರಿ ಕೌಲ’. ಕಲ್ಯಾಣದ ಹಳೆಯ ವಾಡೆಗಳ ಸಾಲಿನಲ್ಲಿ, ಡೊಂಬಿವಲಿಯ ಉಳಿದ ಕೆಲವು ಚಾಳುಗಳ ಮೇಲೆ ಅದನ್ನು ಕಾಣಬಹುದು. ಕೊಂಕಣದ ಹವೆಗೆ ಅದು ಹೊಂದಿಕೊಂಡುದು ಆಕಸ್ಮಿಕವಲ್ಲ: ಠಾಣೆಯ ಮಳೆ ವರ್ಷಕ್ಕೆ ಸುಮಾರು 2500 ಮಿಲಿಮೀಟರು, ವಿಜಾಪುರದ್ದು ಅದರ ಕಾಲುಭಾಗದಷ್ಟು ಮಾತ್ರ. ಹವೆಯ ದೃಷ್ಟಿಯಿಂದ ಠಾಣೆ ಮಂಗಳೂರಿನ ಬಂಧುವೇ ಹೊರತು ವಿಜಾಪುರದ್ದಲ್ಲ.

ರಾಜಕೀಯ ಇತಿಹಾಸದ ದೃಷ್ಟಿಯಿಂದ ಮಾತ್ರ ಇದು ತಿರುಗುಮುರುಗು. ಈ ಪ್ರದೇಶಕ್ಕೆ ಅಧಿಕಾರ ಬಂದುದು ಝಳದ ನಾಡಿನಿಂದ. ಠಾಣೆಯ ಬೆಟ್ಟಗಳ ಆಚೆ ಇರುವ ಕಣ್ಹೇರಿಯ, ಅಂದರೆ ಕೃಷ್ಣಗಿರಿಯ, ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಸನಗಳಿವೆ. ಅವುಗಳಲ್ಲೊಂದರ ಕಾಲ ಶಕ 799, ಎಂದರೆ ಕ್ರಿ. ಶ. 877. ಆಗ ಕೊಂಕಣವನ್ನಾಳುತ್ತಿದ್ದವರು ಆತನ ಸಾಮಂತರಾದ ಶಿಲಾಹಾರರು. ಮಾನ್ಯಖೇಟದ ಸುಡುಬಿಸಿಲಿನಲ್ಲಿದ್ದ ಸಾರ್ವಭೌಮನ ಹೆಸರು ಈ ಒದ್ದೆ ಬೆಟ್ಟದ ಬೌದ್ಧ ವಿಹಾರದ ಗೋಡೆಯ ಮೇಲೆ ನಿಂತಿರುವುದು ನಮಗೆ ಹೆಮ್ಮೆಯ ವಿಷಯವಾದರೂ, ಪ್ರಕೃತ ವಿಷಯಕ್ಕೆ ಹೆಚ್ಚು ಉಪಯುಕ್ತವಾದುದು ಆ ವಿಹಾರಗಳ ರಚನೆ. ನೂರಕ್ಕೂ ಮಿಕ್ಕ ಗುಹೆಗಳು. ಹೆಚ್ಚಿನವುಗಳ ಮುಂದೆ ಕಂಬಸಾಲಿನ ಪಡಸಾಲೆ, ಕೂರಲು ಕಲ್ಲಿನ ಪೀಠ, ಪಕ್ಕದಲ್ಲಿ ಮಳೆನೀರು ಹಿಡಿಯುವ ಕಲ್ಲುತೊಟ್ಟಿ. ಪ್ರಾಕೃತ ಶಾಸನಗಳು ಈ ತೊಟ್ಟಿಯನ್ನು ಪೋಢಿ ಎನ್ನುತ್ತವೆ. ದಾನಿಗಳಲ್ಲಿ ಕಲ್ಯಾಣದ ವರ್ತಕರೂ ಇದ್ದಾರೆ. ಇಡೀ ಬೆಟ್ಟವೇ ಗೋಡೆಯಾದಾಗ ಒಳಗಿನ ಹವೆ ಹಗಲಿನ ತಾಪಕ್ಕೆ ಅಲುಗದೆ ವರ್ಷದ ಸರಾಸರಿಯ ಹತ್ತಿರ ನಿಲ್ಲುತ್ತದೆ. ಮುಂಭಾಗ ಪೂರ್ತಿ ತೆರೆದಿರುವುದರಿಂದ ಗಾಳಿಗೂ ತಡೆಯಿಲ್ಲ. ಝಳದ ನಾಡಿನ ದಪ್ಪಗೋಡೆ, ಸೆಕೆಯ ನಾಡಿನ ತೆರೆದ ಜಗಲಿ, ಎರಡೂ ಒಂದೆಡೆ ಕೂಡಿದ ಉದಾಹರಣೆ ನಾನು ಬಲ್ಲ ಮಟ್ಟಿಗೆ ಇದಕ್ಕಿಂತ ಹತ್ತಿರದಲ್ಲಿ ಇನ್ನೊಂದಿಲ್ಲ. (ಅಲ್ಲಿನ ಅಕ್ಷಯನೀವಿ ದತ್ತಿಗಳಲ್ಲಿ ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಭಿಕ್ಷುಗಳ ವಸ್ತ್ರಾದಿಗಳನ್ನು ನಡೆಸುವ ಕಟ್ಟಳೆಯನ್ನು ನೋಡಿದಾಗ ಬ್ಯಾಂಕಿನಲ್ಲಿ ದುಡಿಯುವವನಿಗೆ ಒಂದು ಬಗೆಯ ಸಮಾಧಾನವೂ ಆಗುತ್ತದೆ.)

ಶಿಲಾಹಾರರ ರಾಜಧಾನಿಯಾದ ಠಾಣೆ ಕೆರೆಗಳ ಊರೆಂದು ಹೆಸರಾದುದು. ಕೌಪಿನೇಶ್ವರ ದೇವಾಲಯದ ಮುಂದಿನ ಮಾಸುಂದಾ ಕೆರೆಯ ಸುತ್ತ ಸಂಜೆ ಜನ ಸೇರುವುದು ಇಂದಿಗೂ ಗಾಳಿಗಾಗಿಯೇ. ಕಲ್ಯಾಣವಾದರೋ 1636ರಲ್ಲಿ ನಿಜಾಮಶಾಹಿ ಅಳಿದಾಗ ವಿಜಾಪುರದ ಕೈಸೇರಿ, 1657ರಲ್ಲಿ ಶಿವಾಜಿಯ ವಶವಾಯಿತು. ಸುಮಾರು ಎರಡು ದಶಕಗಳ ಕಾಲ, ಬೇಗಂ ತಲಾಬನ್ನು ಕಟ್ಟಿಸಿದ ದೊರೆಯೇ ಕಲ್ಯಾಣದ ಒಡೆಯನೂ ಆಗಿದ್ದನು.

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ರೈಲು ಬಂದಿತು, ಮರುವರ್ಷ ಕಲ್ಯಾಣಕ್ಕೆ. ನಮ್ಮ ವಲಸೆಯ ದಾರಿ ಅಂದು ತೆರೆಯಿತೆನ್ನಬೇಕು. 1929ರ ಹೊತ್ತಿಗೆ ಡೊಂಬಿವಲಿಗೂ ಕಲ್ಯಾಣಕ್ಕೂ ನಡುವೆ, ಠಾಕುರ್ಲಿಯ ಚೋಳಾದಲ್ಲಿ, ರೈಲ್ವೆ ತನ್ನ ವಿದ್ಯುದಾಗಾರವನ್ನು ಸ್ಥಾಪಿಸಿತು. ಆ ಕೇಂದ್ರ ಈಗ ನಿಂತುಹೋಗಿದೆ. ವಿದ್ಯುತ್ತು ಮನೆಮನೆಗೆ ಬಂದ ಮೇಲೆ ಪಂಖಾದ ಹಗ್ಗ ಎಳೆಯುವವನ ಕೆಲಸ ಹೋಯಿತು. ಮಾಡಿನ ಎತ್ತರದ ವಿಚಾರವೂ ಕ್ರಮೇಣ ಮರೆತುಹೋಯಿತು. ಚಾಳುಗಳಲ್ಲಿ ಉದ್ದಕ್ಕೂ ಹೊರಪಡಸಾಲೆಯಿತ್ತು, ಎದುರುಬದುರು ಬಾಗಿಲು-ಕಿಟಕಿಗಳಿದ್ದವು, ಇರುಳು ಗಂಡಸರು ಪಡಸಾಲೆಯಲ್ಲಿಯೇ ಮಲಗುತ್ತಿದ್ದರು. ಹೆಂಗಸರಿಗೆ ಆ ಸೌಕರ್ಯವಿರಲಿಲ್ಲ. ಒಲೆಯ ಮುಂದಿನ ಸೆಕೆಯನ್ನೂ ಗೋಡೆಯ ಕಾವನ್ನೂ ಒಟ್ಟಿಗೆ ಉಂಡವರು ಅವರು.

ಇಲ್ಲಿ ನಮ್ಮ ನೆರೆಹೊರೆಯ ಇನ್ನೊಂದು ವಲಸೆಯನ್ನು ನೆನೆಯುವುದು ಉಚಿತ. 1947ರ ವಿಭಜನೆಯ ಅನಂತರ ಸಿಂಧದಿಂದ ಬಂದ ನಿರಾಶ್ರಿತರನ್ನು ಕಲ್ಯಾಣದ ಬಳಿ, ಯುದ್ಧಕಾಲದಲ್ಲಿ ಕಟ್ಟಿದ್ದ ಸೈನಿಕ ಬರಾಕುಗಳಲ್ಲಿ ಇರಿಸಲಾಯಿತು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಅಲ್ಲಿ ಅಸ್ತಿಭಾರವಿಟ್ಟ ನಗರವೇ ಉಲ್ಹಾಸನಗರ. ಸಿಂಧದ ಹೈದರಾಬಾದಿನಲ್ಲಿ ಪ್ರತಿ ಮನೆಯ ಮಾಡಿನ ಮೇಲೂ ಮಂಘು ಎಂಬ ಗಾಳಿಗೂಡು ಇರುತ್ತಿದ್ದಿತು. ಅಲ್ಲಿ ಏಪ್ರಿಲಿನಿಂದ ಜೂನಿನವರೆಗೆ ಕಡಲಗಾಳಿ ನೈರುತ್ಯದಿಂದಲೇ ಬೀಸುವುದರಿಂದ ಎಲ್ಲ ಗೂಡುಗಳೂ ಆ ಒಂದೇ ದಿಕ್ಕಿಗೆ ಮುಖ ಮಾಡಿ, ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗಳಿಗೆ ಇಳಿಸುತ್ತಿದ್ದವು. 1964ರಲ್ಲಿ ಬರ್ನಾರ್ಡ್ ರುಡೊಫ್ಸ್ಕಿಯು ವಾಸ್ತುಶಿಲ್ಪಿಗಳಿಲ್ಲದ ವಾಸ್ತುಶಿಲ್ಪವನ್ನು ಕುರಿತ ತನ್ನ ಗ್ರಂಥದಲ್ಲಿ ಅವುಗಳ ಚಿತ್ರವನ್ನಿತ್ತ ಮೇಲೆ ಜಗತ್ತೆಲ್ಲ ಅವುಗಳನ್ನು ಅರಿತಿತು. ಆ ನಾಡಿನ ಜನ ತಗಡಿನ ಹಾಗೂ ಹೆಂಚಿನ ಬರಾಕುಗಳಲ್ಲಿ ಗೋಣಿಯ ತೆರೆ ಕಟ್ಟಿ ಸಂಸಾರಗಳನ್ನು ಬೇರ್ಪಡಿಸಿಕೊಂಡು ಬೇಸಗೆ ಕಳೆದರು. ವ್ಯಾಪಾರವನ್ನು ಅವರು ಮತ್ತೆ ಕಟ್ಟಿದರು, ಭಾಷೆಯನ್ನೂ ದೇವರನ್ನೂ ಉಳಿಸಿಕೊಂಡರು. ಮಂಘು ಮಾತ್ರ ಗಡಿ ದಾಟಲಿಲ್ಲ. ವಲಸಿಗನು ಅಡುಗೆಯನ್ನು ತರಬಲ್ಲ, ಮಾಡನ್ನು ತರಲಾರ. ಮಾಡು ಇನ್ನೊಬ್ಬರ ಸ್ವತ್ತು. ನಮ್ಮ ವಿಷಯದಲ್ಲಿಯೂ ಆದುದು ಇದೇ: ಮಜ್ಜಿಗೆ, ಅಂಬಲಿ, ಪುನರ್ಪುಳಿಯ ಪಾನಕ ಇವೆಲ್ಲ ಡೊಂಬಿವಲಿಯವರೆಗೆ ನಮ್ಮೊಡನೆ ಬಂದವು, ಜಗಲಿ ಬರಲಿಲ್ಲ.

ಜಗಲಿಯನ್ನು ಮತ್ತೆ ತರುವ ಒಂದು ಪ್ರಯತ್ನ ನವಿ ಮುಂಬಯಿಯಲ್ಲಿ ನಡೆಯಿತು. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲ್ ಮೂವರೂ ಖಾಡಿಯ ಆಚೆ ಹೊಸ ನಗರವಾಗಬೇಕೆಂಬ ತಮ್ಮ ಸೂಚನೆಯನ್ನು 1965ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು. ಕೊರಿಯಾ ಇದಕ್ಕೂ ಮುನ್ನ ಅಹಮದಾಬಾದಿನಲ್ಲಿ, ಕಾದ ಗಾಳಿ ಇಳಿಜಾರು ಮಾಡಿನ ಒಳಮೈಯನ್ನೇ ಅನುಸರಿಸಿ ಮೇಲೇರಿ ನೆತ್ತಿಯ ಕಿಂಡಿಯಿಂದ ಹೊರಹೋಗುವಂತೆ ಕೊಳವೆಯಾಕಾರದ ಸಣ್ಣ ಮನೆಯೊಂದನ್ನು ರಚಿಸಿದ್ದರು. 1983-86ರ ಅವಧಿಯಲ್ಲಿ ಬೇಲಾಪುರದಲ್ಲಿ ಅವರು ರೂಪಿಸಿದ ವಸತಿಯಲ್ಲಿ ಏಳೇಳು ಮನೆಗಳು 8 ಮೀಟರು ಉದ್ದಗಲದ ಒಂದು ಅಂಗಳದ ಸುತ್ತ ಕೂಡಿದವು. ಪ್ರತಿ ಮನೆಗೂ ತನ್ನದೇ ಆದ ತೆರೆದ ಆವರಣವಿತ್ತು. ಒಬ್ಬರ ಗೋಡೆ ಇನ್ನೊಬ್ಬರ ಗೋಡೆಯಲ್ಲ. ನಮ್ಮಂಥ ಹವೆಯಲ್ಲಿ ಆಕಾಶಕ್ಕೆ ತೆರೆದ ಅಂಗಳವೂ ಒಂದು ಕೋಣೆಯೇ ಎಂಬುದು ಅವರ ವಾದ. ಮನೆಯವರು ತಮ್ಮ ಅನುಕೂಲದಂತೆ ಬೆಳೆಸಿಕೊಳ್ಳಬಹುದೆಂದು ಅವರೇ ಅವಕಾಶವಿಟ್ಟಿದ್ದರು. ಅದರ ಫಲವಾಗಿ ಅನೇಕ ಮನೆಗಳು ಇಂದು ಆವರಣವನ್ನು ನುಂಗಿ ಮಹಡಿಗಳಾಗಿವೆ. ಇದನ್ನು ಕಂಡು ಕೆಲವರು ಪ್ರಯೋಗ ವಿಫಲವಾಯಿತೆನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಅಂಗಳ ಸೋತುದು ಹವೆಗಲ್ಲ, ಚದರ ಅಡಿಯ ಬೆಲೆಗೆ. ಗೃಹಸಾಲದ ಕಾಗದಪತ್ರಗಳನ್ನು ವರ್ಷಗಟ್ಟಲೆ ನೋಡಿದ ಅನುಭವದಿಂದ ಹೇಳುವುದಾದರೆ, ಮೌಲ್ಯಮಾಪನದಲ್ಲಿ ವಿಸ್ತೀರ್ಣಕ್ಕೆ ಸ್ಥಾನವಿದೆ, ರಸ್ತೆಯ ಅಗಲಕ್ಕೆ ಸ್ಥಾನವಿದೆ. ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆಯಿಂದ ಹೋಗುತ್ತದೆ ಎಂಬುದಕ್ಕೆ ಒಂದು ಸಾಲೂ ಇಲ್ಲ.

ಹೀಗೆ ನಾವು ಬಂದು ಸೇರಿದುದು ಕಾಂಕ್ರೀಟಿನ ಚಪ್ಪಟೆ ಛಾವಣಿಯ ಕೆಳಕ್ಕೆ. ನಾಲ್ಕೈದು ಅಂಗುಲದ ಈ ಹಾಸು ಹಗಲಿನ ಕಾವನ್ನು ತಡೆಯುವಷ್ಟು ದಪ್ಪವೂ ಅಲ್ಲ, ಹೆಂಚಿನಂತೆ ಕಾವನ್ನು ಹೊರಬಿಡುವಷ್ಟು ಹಗುರವೂ ಅಲ್ಲ. ಹಗಲೆಲ್ಲ ಬಿಸಿಲನ್ನು ಕುಡಿದು, ನಾವು ಮಲಗುವ ಹೊತ್ತಿಗೆ ಅದನ್ನು ಕೋಣೆಗೆ ಬಿಡುತ್ತದೆ. ಮೇಲ್ಮುದ್ದೆಯವರು ಆ ಹೊತ್ತಿಗೆ ಮಾಳಿಗೆಗೆ ಹೋಗುತ್ತಿದ್ದರು. ನಮ್ಮ ಕಟ್ಟಡಗಳ ಮೇಲಿನ ಬಾಗಿಲಿಗೆ ಸಾಮಾನ್ಯವಾಗಿ ಬೀಗವಿರುತ್ತದೆ. ತಗಡಿನ ಮಾಡಿನ ಕೆಳಗೆ ವಾಸಿಸುವ ಕಳವಾ, ದಿವಾಗಳ ಬಡವರ ಅವಸ್ಥೆ ಇದಕ್ಕಿಂತ ಕಠಿನ. 2005ರ ಅನಂತರದ ಕೆಲವು ವರ್ಷಗಳಲ್ಲಿ ಬೇಸಗೆಯ ಮಧ್ಯಾಹ್ನ ಗಂಟೆಗಟ್ಟಲೆ ವಿದ್ಯುತ್ ಕಡಿತವಾಗುತ್ತಿದ್ದಾಗ, ಪಂಖಾ ನಿಂತ ಮನೆ ಎಂಥದೆಂಬುದನ್ನು ಡೊಂಬಿವಲಿ, ಕಲ್ಯಾಣಗಳೆಲ್ಲ ಅರಿತವು.

ಕೊಂಕಣದ ಸೆಕೆಯನ್ನು ಡಿಗ್ರಿಗಳಿಂದ ಮಾತ್ರ ಅಳೆಯಲಾಗದು. ಬಯಲುಸೀಮೆಯಲ್ಲಿ ಉಷ್ಣತೆ 40 ಡಿಗ್ರಿ ತಲಪದೆ ಹವಾಮಾನ ಇಲಾಖೆ ಉಷ್ಣಾಲೆಯನ್ನು ಪರಿಗಣಿಸುವುದಿಲ್ಲ. ಕರಾವಳಿಗೆ ಆ ಗೆರೆ 37 ಡಿಗ್ರಿಯಲ್ಲಿಯೇ ಇದೆ. ಮೂಡಲಗಾಳಿ ಬಲವಾಗಿ ಕಡಲಗಾಳಿ ಮಧ್ಯಾಹ್ನ ಕಳೆದರೂ ಬಾರದ ದಿನ ಠಾಣೆ, ಕಲ್ಯಾಣಗಳು ಮುಂಬಯಿಗಿಂತ ಹೆಚ್ಚು ಕಾಯುತ್ತವೆ. 2023ರ ಏಪ್ರಿಲ್ 16ರಂದು ಖಾರಘರದ ಬಯಲಿನಲ್ಲಿ ನಡೆದ ರಾಜ್ಯ ಪ್ರಶಸ್ತಿಪ್ರದಾನ ಸಭೆಗೆ ಲಕ್ಷಗಟ್ಟಲೆ ಜನ ಸೇರಿ, ನೆರಳಿಲ್ಲದೆ ಹಲವು ಗಂಟೆ ಕುಳಿತರು. ಉಷ್ಣತೆ ಸುಮಾರು 38 ಡಿಗ್ರಿ. ಕಲಬುರಗಿಯ ರೈತನು ಇದನ್ನು ಬೇಸಗೆಯೆಂದೇ ಎಣಿಸಲಿಕ್ಕಿಲ್ಲ. ಅಂದು ಬಿಸಿಲಿನ ಆಘಾತದಿಂದ ಸತ್ತವರು 14 ಮಂದಿ. ಆ ತಿಂಗಳು ಭಾರತ-ಬಾಂಗ್ಲಾದೇಶಗಳಲ್ಲಿ ಕಂಡ ಒದ್ದೆ ತಾಪದ ಅಲೆ, ಮಾನವಕೃತ ಹವಾಮಾನ ಬದಲಾವಣೆಯಿಂದಾಗಿ ಕಡಮೆಯೆಂದರೂ ಮೂವತ್ತು ಪಾಲು ಹೆಚ್ಚು ಸಂಭಾವ್ಯವಾಗಿದ್ದಿತೆಂದು ವಿಜ್ಞಾನಿಗಳು ಅನಂತರ ಲೆಕ್ಕ ಹಾಕಿದರು. ನಮ್ಮಲ್ಲಿ ಬಯಲುಸೀಮೆಯಿಂದ ಬಂದ ಹಿರಿಯರು, ಇದೆಂಥ ಬಿಸಿಲು, ನಮ್ಮೂರಿನಲ್ಲಿ ಇದಕ್ಕಿಂತ ಹೆಚ್ಚು ಕಂಡಿದ್ದೇವೆ, ಎಂದು ಹೇಳುವುದುಂಟು. ಅವರು ಕಂಡುದು ಝಳವನ್ನು. ಇಲ್ಲಿರುವುದು ಸೆಕೆ, ಬೆವರು ಆರದ ದೇಹಕ್ಕೆ 38 ಡಿಗ್ರಿಯೂ ಮಾರಕವಾಗಬಲ್ಲುದು.

ಹವಾನಿಯಂತ್ರಕದ ಹುಟ್ಟಿನ ಕಥೆ ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರನು ಅದನ್ನು ರಚಿಸಿದುದು ಯಾರನ್ನೂ ತಂಪಾಗಿರಿಸಲಿಕ್ಕಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಕಾಗದ ತೇವಕ್ಕೆ ಹಿಗ್ಗಿ ಬಣ್ಣಗಳು ಜಾಗ ತಪ್ಪುತ್ತಿದ್ದುದನ್ನು ತಡೆಯಲು. ತೇವವನ್ನು ಹಿಂಡಿ ತೆಗೆಯುವುದೇ ಅದರ ಮೂಲಕಾರ್ಯ. ಆದುದರಿಂದಲೇ ಠಾಣೆಯಲ್ಲಿ ಲಾವಂಚದ ತಟ್ಟಿ ಸೋಲುವಲ್ಲಿ ಅದು ಗೆಲ್ಲುತ್ತದೆ. ರೋಗಿಗಳೂ ವೃದ್ಧರೂ ಇರುವ ಮನೆಯಲ್ಲಿ ಅದನ್ನು ಭೋಗವೆಂದು ಜರೆಯುವುದು ಸರಿಯಲ್ಲ. ಆದರೆ ಅದು ಕೋಣೆಯ ಕಾವನ್ನು ಓಣಿಗೆ ಎಸೆಯುತ್ತದೆ. ಎದುರು ಮನೆಯ ಕಿಟಕಿ ತೆರೆದಿದ್ದರೆ ಅದು ಅಲ್ಲಿಗೇ ಹೋಗುತ್ತದೆ. ಕುಮಟಗಿಯ ಲೆಕ್ಕ ಇಲ್ಲಿಯೂ ತಪ್ಪಿದ್ದಲ್ಲ.

ಹಾಗಾದರೆ ಎರಡು ಸಂಪ್ರದಾಯಗಳಲ್ಲಿ ನಾವು ಯಾವುದನ್ನು ಹಿಡಿಯಬೇಕು? ಒದ್ದೆ ತೆರೆಗಳನ್ನು ಕಿಟಕಿಗೆ ಕಟ್ಟುವುದು, ನೀರು ಚಿಮುಕಿಸುವ ಕೂಲರುಗಳನ್ನು ಮುಚ್ಚಿದ ಕೋಣೆಯಲ್ಲಿಡುವುದು, ಇವು ಬಯಲುಸೀಮೆಯಲ್ಲಿ ಸರಿ. ಇಲ್ಲಿ ಅವು ಸೆಕೆಯನ್ನು ಹೆಚ್ಚಿಸುತ್ತವೆ. ಕರಾವಳಿಯ ಉಪಾಯಗಳು ಇಲ್ಲಿ ಸಲ್ಲುತ್ತವೆ. ಬಿಸಿಲು ಗೋಡೆಗೆ ತಾಗುವ ಮುನ್ನ ಹೊರಗೇ ತಡೆಯುವುದು ಮೊದಲನೆಯದು: ಒಳಗಿನ ಪರದೆಗಿಂತ ಕಿಟಕಿಯ ಹೊರಗೆ ಇಳಿಬಿಟ್ಟ ಬಿದಿರಿನ ಚಾಪೆ ಮೇಲು, ಏಕೆಂದರೆ ಗಾಜು ದಾಟಿ ಬಂದ ಬಿಸಿಲು ಮನೆಯೊಳಗಿನ ಕಾವೇ ಆಗಿಬಿಡುತ್ತದೆ. ಪಡುವಣ ಗೋಡೆಗೆ ಇದು ವಿಶೇಷವಾಗಿ ಬೇಕು. ಗಾಳಿಗೆ ಬರುವ ದಾರಿಯಂತೆ ಹೋಗುವ ದಾರಿಯೂ ಇರಬೇಕು. ಅಡುಗೆಮನೆಯ ಮೇಲಿನ ಸಣ್ಣ ಕಿಂಡಿಯನ್ನು ಗಾಜು ಹಾಕಿ ಮುಚ್ಚಿದವರು ಅದನ್ನು ತೆರೆಯಲಿ. ಇರುಳಿನಲ್ಲಿ ಹೊರಗಿನ ಗಾಳಿ ತಣಿದ ಮೇಲೆ ಪಂಖವನ್ನು ಕಿಟಕಿಗೆ ಮುಖ ಮಾಡಿಟ್ಟು ಒಳಗಿನ ಕಾವನ್ನು ಹೊರದೂಡಿದರೆ ಕೋಣೆ ಬೇಗ ಆರುತ್ತದೆ. ವೃದ್ಧರೊಬ್ಬರೇ ಇರುವ ಮನೆಯಲ್ಲಿ, ಕೋಣೆಯ ಗಾಳಿ ದೇಹದ ಕಾವನ್ನು ಮೀರಿದಾಗ ಪಂಖವೊಂದನ್ನೇ ನೆಚ್ಚದೆ ಮೈಗೆ ನೀರು ಹಚ್ಚಿ ಒರೆಸಬೇಕು. ಮಾತು ತೊದಲಿದರೆ, ಎಚ್ಚರ ತಪ್ಪಿದಂತಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬಯಲುಸೀಮೆಯಿಂದ ಇಲ್ಲಿಗೆ ತರಬಹುದಾದುದು ಒಂದಿದೆ: ಮಾಡಿನ ಮೇಲ್ಮೈಯ ಆರೈಕೆ. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಕಳುಹುತ್ತದೆ. ಇದಕ್ಕೆ ಒಣಹವೆ ಒದ್ದೆಹವೆಗಳ ಭೇದವಿಲ್ಲ. ಅಹಮದಾಬಾದು 2010ರ ಭೀಕರ ಬೇಸಗೆಯ ಅನಂತರ 2013ರಲ್ಲಿ ದೇಶದಲ್ಲಿಯೇ ಮೊದಲಾಗಿ ತಾಪ ನಿವಾರಣೆಯ ಯೋಜನೆಯನ್ನು ರೂಪಿಸಿ, ಬಡವರ ಮನೆಗಳ ಮಾಡಿಗೆ ಸುಣ್ಣ ಬಳಿಸಿತು. 2024ರಲ್ಲಿ ಠಾಣೆ ಮಹಾನಗರಪಾಲಿಕೆಯೂ ತನ್ನದೊಂದು ಯೋಜನೆಯನ್ನು ಹೊರತಂದಿತು. ಆದರೆ ಮಾಡು ಸೊಸೈಟಿಯ ಸ್ವತ್ತು. ಅದರ ಕೆಳಗೆ ಬೇಯುವವರು ಮೇಲಿನ ಮಹಡಿಯ ನಾಲ್ಕು ಮನೆಯವರು ಮಾತ್ರ. ಉಳಿದವರು ವೆಚ್ಚಕ್ಕೆ ಒಪ್ಪುವುದು ಸುಲಭವಲ್ಲ; ವಾರ್ಷಿಕ ಸಭೆಯಲ್ಲಿ ಈ ವಿಷಯವೆತ್ತಿದವರಿಗೆ ಅದರ ಅನುಭವವಿರಬಹುದು. ಸುಣ್ಣವನ್ನು ಫಾಲ್ಗುಣ ಮುಗಿಯುವುದರೊಳಗೆ ಬಳಿಯಬೇಕು, ಮತ್ತು ನಮ್ಮ ಮಳೆಗೆ ಅದು ಒಂದು ವರ್ಷಕ್ಕಿಂತ ಹೆಚ್ಚು ನಿಲ್ಲದು. ಪ್ರತಿ ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಕರಲು ಮಣ್ಣು ಹೊರುತ್ತಿದ್ದ ಮನೆತನಗಳಿಂದ ಬಂದವರಿಗೆ ಈ ವಾರ್ಷಿಕ ಕೆಲಸದ ರೀತಿ ಪರಿಚಿತವೇ ಆಗಿದೆ.